ಅದು ಕೋಳಿ ಅಲ್ಲ

ಅಂಗಿಯ ಗುಂಡಿ ಹುಡುಕಲು ಹೊರಟರೆ ಗುಂಡಿಯೊಂದನ್ನು ಬಿಟ್ಟು ಮಿಕ್ಕೆಲ್ಲವೂ ಸಿಗುತ್ತದೆ. ಇದು ನಿಮಗೂ ಗೊತ್ತಿರುವ ಸಂಗತಿಯೇ. ಮೊನ್ನೆ ಮದುವೆಗೆಂದು ಹೊರಟಿದ್ದೆ. ಕೊರಳಿನ ಗುಂಡಿ ಕಿತ್ತು ಕೈಗೆ ಬಂತು, ಕೈಯಿಂದ ಜಾರಿ ಮಂಚದಡಿ ಸೇರಿತು. ಬೇರೊಂದು ಸಿಕ್ಕೀತೆಂದು ಹಳೆಯ ಬಿಸ್ಕೆಟ್ ಡಬ್ಬಿಯನ್ನು ಹಾಸಿಗೆಯ ಮೇಲೆ ಮಗುಚಿದೆ. ಮುರಿದ ಕನ್ನಡಕದ ಕಾಲು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈ, ರೇಡಿಯೋದ ತಿರುಗಣೆ, ಇವುಗಳ ನಡುವೆ ಮೈ ಒರೆಸುವ ಹಳೆಯ ಬೈರಾಸಿನ ತುಂಡಿನಲ್ಲಿ ಸುತ್ತಿಟ್ಟ ಹೆಬ್ಬೆರಳಿನಷ್ಟು ದೊಡ್ಡ ಗಂಟು. ಬಿಚ್ಚಿ ಒಳಗಿದ್ದ ಪುಟ್ಟ ಗೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು ಒಮ್ಮೆ ತಲೆಯೆತ್ತಿ ನೋಡಿ, "ಓ, ಡ್ರ್ಯಾಗನ್" ಎಂದು ಹೇಳಿ ಮತ್ತೆ ತನ್ನ ಪುಸ್ತಕಕ್ಕೆ ಮರಳಿದಳು.

ನನಗೆ ಸಿಟ್ಟು ಬಂತು. ಮದುವೆಮನೆ ಮರೆತು ಅಲ್ಲಿಯೇ ಕುಳಿತುಬಿಟ್ಟೆ. ಇದು ಕೋಳಿಯಲ್ಲ, ಬೇರೆ ಏನೋ ಎಂಬ ಒಂದು ಮಾತನ್ನು ಒಬ್ಬರ ಬಾಯಿಂದ ಹೊರಡಿಸಲು ನಾನು ಒಂದು ಇಡೀ ಬೇಸಗೆ ಒದ್ದಾಡಿದ್ದೇನೆ. ಇವಳು ತಲೆಯೆತ್ತಿ ಇಳಿಸುವುದರೊಳಗೆ ಹೇಳಿ ಮುಗಿಸಿದಳು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಘಟ್ಟದ ಮೇಲೆ ಕಾಫಿ ಎಸ್ಟೇಟಿನಲ್ಲಿ ರೈಟರು. ಅಲ್ಲಿ ಹತ್ತಿರದಲ್ಲಿ ಶಾಲೆಯಿಲ್ಲವೆಂದು ನನ್ನನ್ನು ಚಿಕ್ಕಂದಿನಲ್ಲೇ ಕಡಬದ ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪ ತೀರಿಹೋದ ಮೇಲೆ ಗದ್ದೆ, ತೋಟ, ಹಟ್ಟಿ, ನಾನು, ಎಲ್ಲವೂ ದೊಡ್ಡಮ್ಮನ ಸುಪರ್ದಿಗೆ ಬಂದಿದ್ದವು. ಪುತ್ತೂರಿನಲ್ಲಿ ಪಿಯುಸಿ ಮುಗಿಸಿದ್ದೆ. ಮುಗಿಸಿದ್ದೆ ಎಂಬುದು ಸ್ವಲ್ಪ ಉದಾರವಾದ ಮಾತು. ಗಣಿತದ ಪರೀಕ್ಷೆಯೇ ನನ್ನನ್ನು ಮುಗಿಸಿತ್ತು. ಮುಂದೆ ಎರಡು ದಾರಿಗಳಿದ್ದವು. ಒಂದು, ದೊಡ್ಡಮ್ಮನ ತಮ್ಮ ಕಬಕದಲ್ಲಿ ಇಟ್ಟಿದ್ದ ಗೊಬ್ಬರದ ಅಂಗಡಿ. ಆ ಮಾವನಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಸ್ವಂತದ ಒಬ್ಬ ಹುಡುಗ ಬೇಕಿತ್ತು. ಇನ್ನೊಂದು, ಮಂಗಳೂರಿಗೆ ಹೋಗಿ ಡ್ರಾಯಿಂಗ್ ಮಾಸ್ಟ್ರ ತರಬೇತಿಗೆ ಸೇರುವುದು. ಮೊದಲನೆಯದು ಮಾವನಿಗೂ ದೊಡ್ಡಮ್ಮನಿಗೂ ಅಪ್ಪನಿಗೂ ಇಷ್ಟ. ಎರಡನೆಯದು ನನ್ನೊಬ್ಬನಿಗೆ. ಮಾವನ ಅಂಗಡಿಯಲ್ಲಿ ಒಂದು ಸಲ ಕುಳಿತೂ ನೋಡಿದ್ದೆ. ಬೆಳಿಗ್ಗೆ ಶುರುವಾದ ಸೀನು ಮನೆಗೆ ಮರಳಿ ಬಸ್ಸು ಇಳಿಯುವ ತನಕ ನಿಂತಿರಲಿಲ್ಲ.

ದೊಡ್ಡಮ್ಮನಿಗೆ ಚಿತ್ರದ ಮೇಲೆ ದ್ವೇಷವೇನೂ ಇರಲಿಲ್ಲ. ಅವರಿಗೆ ಅನುಮಾನ ಇದ್ದದ್ದು ನನ್ನ ಮೇಲೆ. ಅದಕ್ಕೆ ಆಧಾರಗಳು ಮನೆಯ ಸುತ್ತ ಬೇಕಾದಷ್ಟಿದ್ದವು. ನಾನು ಹೆಣೆಯಲು ಹಿಡಿದ ಮಂಚದಲ್ಲಿ ಕಾಲು ಚಾಚುವಷ್ಟು ಮಾತ್ರ ಹೆಣಿಗೆ ಇತ್ತು. ತಲೆಯಿಡುವ ಕಡೆ ನೆಲ ಕಾಣುತ್ತಿತ್ತು. ಅಂಗಳದ ಕೋಳಿಗೂಡಿಗೆ ಗೋಡೆಯಿತ್ತು, ಸೂರಿತ್ತು, ಬಾಗಿಲಿರಲಿಲ್ಲ. ಕೋಳಿಗಳು ತಮಗೆ ಬೇಕಾದಾಗ ಬಂದು ಹೋಗುತ್ತಿದ್ದವು.

"ಜನಾರ್ದನ, ಮಂಗಳೂರಿಗೆ ಕಳಿಸುದು ದೊಡ್ಡದಲ್ಲ ಮಾರಾಯ. ಅಲ್ಲಿಂದ ಅರ್ಧಕ್ಕೆ ಓಡಿ ಬಂದ್ರೆ ಎಂತ ಮಾಡುದು? ಒಂದು ಕೆಲಸ ಪೂರ್ತಿ ಮಾಡಿ ತೋರ್ಸು. ಮತ್ತೆ ನೋಡುವ" ಎಂದರು. ನಮ್ಮ ಮನೆಮಾತು ತುಳು. ದೊಡ್ಡಮ್ಮ ಹೇಳಿದ್ದೂ ತುಳುವಿನಲ್ಲೇ. ನಿಮಗೋಸ್ಕರ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಹೊತ್ತಿಗೆ ಸರಿಯಾಗಿ ದೊಡ್ಡಮ್ಮನ ಮಗ ವಸಂತಣ್ಣ ರಜೆಯಲ್ಲಿ ಬಂದ. ಅವನಿಗೆ ಹಡಗಿನಲ್ಲಿ ಕೆಲಸ. ಬಂದಾಗಲೆಲ್ಲ ಸಾಬೂನು, ಟಾರ್ಚು, ಮಡಚುವ ಕೊಡೆ ಹಂಚುತ್ತಿದ್ದ. ಈ ಸಲ ಎಲ್ಲವೂ ಹಂಚಿ ಮುಗಿದ ಮೇಲೆ ನಾನು ಉಳಿದಿದ್ದೆ. ಅವನು ಪ್ಯಾಂಟಿನ ಕಿಸೆಗೆ ಕೈಹಾಕಿ ಒಂದು ಬೂದು ಬಣ್ಣದ ಸೀಸದ ಗೊಂಬೆಯನ್ನು ತೆಗೆದು ಕೊಟ್ಟ. ಹೆಬ್ಬೆರಳಿನಷ್ಟು ಎತ್ತರ. ಹಿಂಗಾಲಿನಲ್ಲಿ ನಿಂತ ಪ್ರಾಣಿ, ಬೆನ್ನಲ್ಲಿ ಎರಡು ರೆಕ್ಕೆ, ತಲೆಯಲ್ಲಿ ಗರಗಸದಂಥ ಜುಟ್ಟು, ಮುಂದಕ್ಕೆ ಚಾಚಿದ ಮೂತಿ, ಕಾಲಿಗೆ ಸುತ್ತಿಕೊಂಡ ಬಾಲ. ಯಾವುದೋ ದೂರದ ಬಂದರಿನ ಅಂಗಡಿಯಲ್ಲಿ ಕೊಂಡದ್ದಂತೆ.

"ಎಂತ ಇದು?" ಎಂದೆ.

"ನನಗೂ ಗೊತ್ತಿಲ್ಲ. ಅಲ್ಲಿಯವರು ಇಂಥದ್ದಕ್ಕೆ ಪೈಂಟ್ ಕೊಟ್ಟು ಮೇಜಿನ ಮೇಲೆ ಇಟ್ಟು ಆಟ ಆಡುದು. ದೊಡ್ಡ ದೊಡ್ಡ ಗಂಡಸರು."

"ಅವರಿಗೆ ಬೇರೆ ಕೆಲಸ ಇಲ್ವಾ?" ಎಂದು ದೊಡ್ಡಮ್ಮ ಒಳಗಿನಿಂದಲೇ ಕೇಳಿದರು.

ನನಗಂತೂ ಕೆಲಸ ಸಿಕ್ಕಿತು. ಈ ಗೊಂಬೆಗೆ ಬಣ್ಣ ಕೊಟ್ಟು ಪೂರ್ತಿ ಮಾಡಿ ತೋರಿಸುವುದೆಂದು ಅಲ್ಲೇ ನಿಶ್ಚಯ ಮಾಡಿದೆ. ಇಷ್ಟು ಚಿಕ್ಕದನ್ನು ಅರ್ಧಕ್ಕೆ ಬಿಡಲು ನನ್ನಂಥವನಿಗೂ ಕಷ್ಟವಾದೀತು ಎಂಬುದು ಒಳಗಿನ ಲೆಕ್ಕ.

ಮನೆಯಲ್ಲಿ ಬಣ್ಣವೆಂದರೆ ಕಿಟಕಿಗೆ ಕೊಟ್ಟು ಉಳಿದ ಕಂದು, ಸೈಕಲ್ಲಿಗೆ ಕೊಟ್ಟು ಉಳಿದ ಕೆಂಪು, ಮತ್ತೆ ಅಟ್ಟದಲ್ಲಿ ಕೆನೆಗಟ್ಟಿ ಕುಳಿತಿದ್ದ ಹಳದಿ. ಬ್ರಶ್ಶು ಮಾತ್ರ ಸ್ವಂತ ತಯಾರಿ: ಗುಡಿಸುವ ಹಿಡಿಸೂಡಿಯ ಕಡ್ಡಿಯ ತುದಿಗೆ ಮನೆಯ ಬೆಕ್ಕಿನ ಬಾಲದ ಕೂದಲನ್ನು ನೂಲಿನಿಂದ ಕಟ್ಟಿದ್ದೆ. ಬೆಕ್ಕು ಅದಕ್ಕೆ ತನ್ನ ಅಭಿಪ್ರಾಯವನ್ನು ನನ್ನ ಮುಂಗೈ ಮೇಲೆ ಉದ್ದಕ್ಕೆ ಬರೆಯಿತು. ರೆಕ್ಕೆಗೆ ಕಂದು, ಜುಟ್ಟಿಗೆ ಕೆಂಪು, ಕಾಲಿಗೆ ಹಳದಿ, ಕಣ್ಣಿಗೆ ಆಚೆ ಒಂದು ಈಚೆ ಒಂದು ದುಂಡಗಿನ ಚುಕ್ಕೆ. ಒಂದೇ ದಿನದಲ್ಲಿ ಮುಗಿಸಿ, ಇನ್ನೂ ಅಂಟಂಟಾಗಿದ್ದ ಗೊಂಬೆಯನ್ನು ದೊಡ್ಡಮ್ಮನ ಮುಂದೆ ಹಿಡಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಅಡ್ಡಿಲ್ಲ" ಎಂದರು.

ನಮ್ಮೂರಿನ 'ಅಡ್ಡಿಲ್ಲ'ದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಹೊರಗಿನವರು ಅದನ್ನು ಹೊಗಳಿಕೆ ಎಂದು ತಿಳಿಯುತ್ತಾರೆ. ಸಾರು ಉಪ್ಪಾಗಿದ್ದರೂ ಅಡ್ಡಿಲ್ಲ, ಮದುಮಗ ಕುಳ್ಳನಾದರೂ ಅಡ್ಡಿಲ್ಲ, ಜ್ವರ ಬಿಡದೆ ಮಲಗಿದವನೂ ಕೇಳಿದವರಿಗೆ ಅಡ್ಡಿಲ್ಲ ಎನ್ನುತ್ತಾನೆ. ಈ ಪದದ ಬೆಲೆ ಅದರ ಆಚೆಗೆ ಏನು ಬರುತ್ತದೆ ಎಂಬುದರ ಮೇಲೆ ನಿಂತಿದೆ. ನಾನು ಕಾದೆ.

"ಕೋಳಿಯ ಕಾಲು ಚೂರು ಕುಳ್ಳ ಆಯ್ತು" ಎಂದರು ದೊಡ್ಡಮ್ಮ.

ನನ್ನ ಪ್ರಾಣಿ ಕೋಳಿ ಎಂಬುದು ನನಗೆ ತಿಳಿದದ್ದೇ ಆಗ. ಅಲ್ಲವೆಂದು ವಾದಿಸಿದೆ. ಸರಿ, ಹಾಗಾದರೆ ಎಂತ ಎಂದು ಕೇಳಿದರು. ಈಗಿನ ಮಕ್ಕಳ ನಾಲಗೆಯ ತುದಿಯಲ್ಲಿರುವ ಆ ಡ್ರ್ಯಾಗನ್ ಎಂಬ ಪದ ಆಗ ಕಡಬಕ್ಕೆ ಬಸ್ಸು ಹತ್ತಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯ ಐತ್ತಪ್ಪಣ್ಣ ಅಂಗಳಕ್ಕೆ ಬಂದರು. ಕೋಳಿ ಅಂಕ, ಅಂದರೆ ಕೋಳಿಕಾಳಗ, ಎಲ್ಲೇ ಆಗಲಿ, ಅಲ್ಲಿ ಅವರು ಇರಲೇಬೇಕು. ಅಂಕದ ಕೋಳಿಗಳಿಗೆ ಬಣ್ಣದ ಮೇಲೆ ಹೆಸರು. ಬಿಳಿಯದು ಬೊಳ್ಳೆ, ಕೆಂಪು ಬೆರೆತದ್ದು ಕೆಮ್ಮೈರೆ, ಹೀಗೆ. ಐತ್ತಪ್ಪಣ್ಣ ಗೊಂಬೆಯನ್ನು ಎರಡು ಬೆರಳಿನಲ್ಲಿ ಪಕ್ಕೆ ಹಿಡಿದು ಎತ್ತಿದರು, ಹಿಂದೆ ಮುಂದೆ ತಿರುಗಿಸಿದರು, ಬಾಲದ ಬುಡಕ್ಕೆ ಊದಿಯೂ ನೋಡಿದರು.

"ಕೆಮ್ಮೈರೆ. ಎದೆ ಉಂಟು. ಆದರೆ ಕಾಲಲ್ಲಿ ಬಲ ಇಲ್ಲ."

"ಐತ್ತಪ್ಪಣ್ಣ, ಅದು ಕೋಳಿ ಅಲ್ಲ."

"ಕೆಂಪು ಜುಟ್ಟು ಉಂಟು, ರೆಕ್ಕೆ ಉಂಟು, ಕೊಕ್ಕು ಉಂಟು. ಮತ್ತೆ ದನ ಹೇಳ್ಬೇಕಾ?"

ದೊಡ್ಡಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನನಗೆ ಎಲ್ಲಿಲ್ಲದ ಹಟ ಬಂತು. ಮಂಚಕ್ಕೆ ಬಾರದ ಹಟ, ಗೂಡಿನ ಬಾಗಿಲಿಗೆ ಬಾರದ ಹಟ, ಈ ಹೆಬ್ಬೆರಳ ಗಾತ್ರದ ಪ್ರಾಣಿಗಾಗಿ ಬಂತು. "ನೋಡಿದವರು ಯಾರೂ ಕೋಳಿ ಹೇಳದ ಹಾಗೆ ಮಾಡ್ತೇನೆ. ಆಗ ಮಂಗಳೂರಿಗೆ ಕಳಿಸ್ತೀರಾ ದೊಡ್ಡಮ್ಮ?"

"ಮಾಡು. ಮಾವ ಬೇಸಗೆ ಮುಗಿಯುವಾಗ ನಿನ್ನನ್ನು ಕರ್ಕೊಂಡು ಹೋಗ್ಲಿಕ್ಕೆ ಬರ್ತಾನೆ. ಅಷ್ಟರ ಒಳಗೆ ಆಗ್ಬೇಕು."

ಹೀಗೆ ನನ್ನ ಭವಿಷ್ಯವೆಲ್ಲ ಒಂದು ಕೋಳಿಯ ಮೇಲೆ ಬಂದು ನಿಂತಿತು.

ಗೊಂಬೆಯನ್ನು ತೆಂಗಿನ ಗೆರಟೆಯಲ್ಲಿ ಚಿಮಿಣಿ ಎಣ್ಣೆಯೊಳಗೆ ಮುಳುಗಿಸಿಟ್ಟು, ಪಿನ್ನಿನಿಂದ ಕೆರೆದು ಬಣ್ಣವನ್ನೆಲ್ಲ ತೆಗೆದೆ. ಕೆಂಪು ಜುಟ್ಟೇ ಸಕಲ ಅನರ್ಥಕ್ಕೆ ಕಾರಣವೆಂದು ತೀರ್ಮಾನಿಸಿ, ಐತ್ತಪ್ಪಣ್ಣನ ಗೇಟಿಗೆ ಕೊಟ್ಟು ಉಳಿದಿದ್ದ ಹಸಿರನ್ನು ಬೇಡಿ ತಂದು, ಮೈಗೆಲ್ಲ ಬಳಿದೆ. ಇನ್ನು ಕೋಳಿ ಎನ್ನುವ ಧೈರ್ಯ ಯಾರಿಗಿದೆ ನೋಡೋಣ ಎಂದು ಏಲಿಯಮ್ಮ ಚೇಡತ್ತಿಯ ಮನೆಗೆ ಹೋದೆ. ಅವರದು ಕೇರಳದಿಂದ ಬಂದು ಗುಡ್ಡದಲ್ಲಿ ರಬ್ಬರ್ ಹಾಕಿದ ಕುಟುಂಬ, ಚೇಡತ್ತಿ ಎಂದರೆ ಅವರಲ್ಲಿ ಅಕ್ಕ. ಚೇಡತ್ತಿ ಹಗ್ಗದ ಮೇಲೆ ರಬ್ಬರ್ ಶೀಟು ಒಣಗಿಸುತ್ತಿದ್ದರು. ಕೈ ಒರೆಸಿಕೊಂಡು ಗೊಂಬೆಯನ್ನು ತೆಗೆದುಕೊಂಡರು.

"ಇದು ತತ್ತ ಅಲ್ವಾ ಮೋನೆ?"

ತತ್ತ ಎಂದರೆ ಮಲಯಾಳದಲ್ಲಿ ಗಿಳಿ, ಮೋನೆ ಎಂದರೆ ಮಗನೇ. ನಾನು ಅವರ ಜಗಲಿಯ ಮೆಟ್ಟಿಲಲ್ಲಿ ಕುಸಿದು ಕುಳಿತೆ. ನನ್ನ ಮುಖ ನೋಡಿ ಅವರಿಗೆ ಪಾಪ ಅನಿಸಿರಬೇಕು, ಒಂದು ಲೋಟ ಹಾಲಿಲ್ಲದ ಕಟ್ಟನ್ ಚಾಯ ತಂದಿಟ್ಟು, ಇದು ಯಾವ ಹಕ್ಕಿ ಎಂದು ವಿಚಾರಿಸಿದರು. ಹಕ್ಕಿಯೇ ಅಲ್ಲ, ಹೊಡೆದಾಟಕ್ಕೆ ಬರುವ ಒಂದು ಕೆಟ್ಟ ಪ್ರಾಣಿ ಎಂದೆ. ಅವರು ಸ್ವಲ್ಪ ಯೋಚಿಸಿ ಒಳಗಿನಿಂದ ಒಂದು ಚಿತ್ರ ತಂದರು. ದೇವದೂತನೊಬ್ಬ ಈಟಿ ಹಿಡಿದು ನಿಂತಿದ್ದ, ಕಾಲಡಿಯಲ್ಲಿ ಒಂದು ಪಿಶಾಚಿ ಬಿದ್ದುಕೊಂಡಿತ್ತು. ಅದಕ್ಕೂ ರೆಕ್ಕೆ ಇತ್ತು.

"ನೋಡು, ಇವನ ರೆಕ್ಕೆಯಲ್ಲಿ ಗರಿ ಉಂಟು. ಆ ಕೆಟ್ಟದ್ದರ ರೆಕ್ಕೆಯಲ್ಲಿ ಗರಿ ಇಲ್ಲ, ಕೊಡೆಯ ಹಾಗೆ ಕಡ್ಡಿ. ನೀನು ಗರಿ ಬರ್ದದ್ದು ಮೋನೆ. ಮತ್ತೆ ತತ್ತ ಆಗದೆ ಎಂತ ಆಗ್ತದೆ?"

ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಸೀಸದಲ್ಲಿ ಗರಿಯೇ ಇರಲಿಲ್ಲ. ಕಡ್ಡಿಗಳು, ಅವುಗಳ ನಡುವೆ ಚರ್ಮ. ಇಲ್ಲದ ಗರಿಗಳನ್ನು ನಾನೇ ಬೆಕ್ಕಿನ ಕೂದಲಿನಿಂದ ಕಷ್ಟಪಟ್ಟು ಒಂದೊಂದಾಗಿ ಬರೆದಿದ್ದೆ. ಮನೆಗೆ ಬಂದು ಮತ್ತೆ ಗೆರಟೆ, ಮತ್ತೆ ಚಿಮಿಣಿ ಎಣ್ಣೆ. "ರೇಶನಿನ ಎಣ್ಣೆ ಕೋಳಿಗೆ ಸ್ನಾನ ಮಾಡ್ಸಲಿಕ್ಕಾ?" ಎಂದು ದೊಡ್ಡಮ್ಮ ಗೊಣಗಿದರೂ ಡಬ್ಬಿಯನ್ನು ಅಡಗಿಸಿಡಲಿಲ್ಲ.

ಮೂರನೆಯ ಸಲ ಬಣ್ಣ ಕೊಟ್ಟಾದ ಮೇಲೆ ಗೊಂಬೆಯನ್ನು ಕಿಸೆಯಲ್ಲಿಟ್ಟುಕೊಂಡು ಪುತ್ತೂರಿನ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹಿಂದೆ ಸದಾಶಿವಣ್ಣ ಎಂಬ ಬೋರ್ಡ್ ಬರೆಯುವವರಿದ್ದರು. ಓದುವ ಕಾಲದಲ್ಲಿ ನಾನು ಕಾಲೇಜಿಗಿಂತ ಹೆಚ್ಚು ಹೊತ್ತು ಅವರ ಹಿಂದೆ ನಿಂತಿದ್ದೆ ಎಂದರೆ ನನ್ನ ಗಣಿತದ ಕತೆ ನಿಮಗೆ ಅರ್ಥವಾದೀತು. ಅಂದು ಅವರು ಬಸ್ಸೊಂದರ ಹಣೆಗೆ ಹಾಕುವ ತಗಡಿನಲ್ಲಿ 'ಸುಳ್ಯ' ಎಂದು ಬರೆಯುತ್ತಿದ್ದರು. ಗೊಂಬೆಯನ್ನು ನೋಡಿ ಅವರು ಕೋಳಿ ಎಂದೂ ಹೇಳಲಿಲ್ಲ, ಗಿಳಿ ಎಂದೂ ಹೇಳಲಿಲ್ಲ. ನನಗೆ ಸಂತೋಷವಾಗುವಷ್ಟರಲ್ಲಿ, "ಇದು ಎಂತ, ಬೆಲ್ಲದ ಅಚ್ಚಾ?" ಎಂದು ಕೇಳಿದರು.

ಪೈಂಟ್ ಅಷ್ಟು ದಪ್ಪ ಕುಳಿತಿತ್ತು. ಬೆರಳು, ಹಲ್ಲು, ಕಡ್ಡಿ, ಎಲ್ಲವೂ ಅದರಡಿಯಲ್ಲಿ ಹೂತುಹೋಗಿದ್ದವು. ಸದಾಶಿವಣ್ಣ ತಾವು ಬರೆಯುತ್ತಿದ್ದ 'ಸು'ವಿನ ಒಂದು ಬದಿಗೆ ಕಪ್ಪು ನೆರಳಿನ ಗೆರೆ ಎಳೆದರು. ಅಕ್ಷರ ತಗಡಿನಿಂದ ಎದ್ದು ನಿಂತಿತು.

"ಅಕ್ಷರಕ್ಕೇ ನೆರಳು ಬೇಕು. ನಿನ್ನ ಪ್ರಾಣಿಗೆ ಬೇಡ್ವಾ? ಟರ್ಪೆಂಟೈನ್ ಹಾಕಿ ನೀರು ನೀರು ಮಾಡು. ಸಂದಿಗೆ ಕಪ್ಪು ಬಿಡು, ಅದೇ ಇಳಿದು ಹೋಗ್ತದೆ. ಉಬ್ಬಿದ್ದಲ್ಲಿ ಮಾತ್ರ ಬೆಳ್ಳಗೆ ಮುಟ್ಟಿಸು. ಹಚ್ಚುದಲ್ಲ, ಮುಟ್ಟಿಸುದು" ಎಂದರು. ಚಿಕ್ಕ ಬಾಟ್ಲಿಯಲ್ಲಿ ಟರ್ಪೆಂಟೈನನ್ನೂ, ತಮ್ಮ ಹಳೆಯ ಬ್ರಶ್ಶೊಂದನ್ನೂ ಕೊಟ್ಟು ಕಳಿಸಿದರು.

ಹಚ್ಚುವುದಕ್ಕೂ ಮುಟ್ಟಿಸುವುದಕ್ಕೂ ಇರುವ ವ್ಯತ್ಯಾಸ ನನ್ನ ಕೈಗೆ ಬರಲು ಬಹಳ ದಿನ ಹಿಡಿಯಿತು. ಮಾವಿನ ಹಣ್ಣು ಮುಗಿಯುತ್ತ ಬಂತು, ಹಲಸು ಶುರುವಾಯಿತು. ನಾನು ಜಗಲಿಯ ತುದಿಯಲ್ಲಿ ಬೆಳಕಿಗೆ ಬೆನ್ನು ಹಾಕಿ ಕುಳಿತೇ ಇದ್ದೆ. ನನ್ನ ಬೆನ್ನು ಅಷ್ಟು ಹೊತ್ತು ಒಂದೇ ಕಡೆ ಇದ್ದದ್ದನ್ನು ದೊಡ್ಡಮ್ಮ ನೋಡಿದ್ದು ಅದೇ ಮೊದಲು. ಒಮ್ಮೊಮ್ಮೆ ಹಲಸಿನ ಸೊಳೆಯ ತಟ್ಟೆ ಸದ್ದಿಲ್ಲದೆ ಪಕ್ಕಕ್ಕೆ ಬಂದು ಕೂರುತ್ತಿತ್ತು.

ದೊಡ್ಡಮ್ಮನ ಊಟದ ಸಂಗತಿಯನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಉಣ್ಣುವಾಗ ಯಾರಾದರೂ ನೋಡಿದರೆ ಅವರಿಗೆ ಆಗುತ್ತಿರಲಿಲ್ಲ. ಕಣ್ಣು ತಾಗಿದರೆ ಉಂಡದ್ದು ಮೈಗೆ ಹಿಡಿಯುವುದಿಲ್ಲ ಎಂದು ಅವರ ನಂಬಿಕೆ. ಎಲ್ಲರಿಗೂ ಬಡಿಸಿದ ಮೇಲೆ ಬೆಕ್ಕನ್ನು ಹೊರಗೆ ಓಡಿಸಿ, ಅಂಗಳದಲ್ಲಿ ಜನ ಇದ್ದರೆ ಅವರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪನ ಫೋಟೋ ನೋಡಿ ಪೆನ್ಸಿಲಿನಲ್ಲಿ ದೊಡ್ಡದಾಗಿ ಚಿತ್ರ ಬರೆದು ಊಟದ ಚಾವಡಿಯಲ್ಲಿ ತೂಗುಹಾಕಿದ್ದೆ. ದೊಡ್ಡಮ್ಮ ಅದರ ಎದುರಿಗೇ ಮಣೆ ಹಾಕಿ ಸುಖವಾಗಿ ಉಂಡರು. "ದೊಡ್ಡಪ್ಪ ನೋಡಿದ ಹಾಗೆ ಆಗುದಿಲ್ವಾ?" ಎಂದು ಆಸೆಯಿಂದ ಕೇಳಿದೆ. "ಅದು ಕಾಗದ ಮಾರಾಯ. ಕಾಗದ ಎಂತ ನೋಡುದು" ಎಂದು ಮಜ್ಜಿಗೆ ಬಡಿಸಿಕೊಂಡರು. ನನ್ನ ಕಲೆಗೆ ಆವರೆಗೆ ಸಿಕ್ಕಿದ ವಿಮರ್ಶೆಗಳಲ್ಲಿ ಅದು ಬಹಳ ನೋಯಿಸಿದ್ದು. ಅಡ್ಡಿಲ್ಲ ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ.

ಗೊಂಬೆ ಈಗ ಗಿಳಿಯ ಹಾಗೂ ಇರಲಿಲ್ಲ, ಬೆಲ್ಲದ ಅಚ್ಚಿನ ಹಾಗೂ ಇರಲಿಲ್ಲ. ಮೈ ಕಪ್ಪುಹಸಿರು, ರೆಕ್ಕೆಯ ಕಡ್ಡಿಗಳು ಎದ್ದು ಕಾಣುತ್ತಿದ್ದವು, ಹಲ್ಲುಗಳು ಒಂದೊಂದಾಗಿ ಬಂದಿದ್ದವು. ಐತ್ತಪ್ಪಣ್ಣನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಬಣ್ಣ ಬೇರೆ ಆಯ್ತು. ಆದ್ರೂ ಎಲ್ಲಿಯೋ ಒಂದು ಕಡೆ ಕೋಳಿ ಉಂಟು" ಎಂದರು. ಎಲ್ಲಿ ಎಂದು ಕೇಳಿದರೆ ಅವರಿಗೂ ಹೇಳಲು ಬರಲಿಲ್ಲ. ಆ ದಿನ ನಿಜವಾಗಿಯೂ ಕೈಚೆಲ್ಲಿದೆ. ಗೊಬ್ಬರದ ವಾಸನೆ ಕಬಕದಿಂದ ಕಡಬದ ತನಕ ಬಂದ ಹಾಗಾಯಿತು.

ಉತ್ತರ ಕೊಟ್ಟದ್ದು ನಮ್ಮದೇ ಹುಂಜ. ಬಾಗಿಲಿಲ್ಲದ ಗೂಡಿನಿಂದ ಅದು ಯಾವಾಗಲೂ ಊರು ಸುತ್ತುತ್ತಿತ್ತು. ಮರುದಿನ ನಾನು ಗೊಂಬೆಯನ್ನು ಜಗಲಿಯಲ್ಲಿಟ್ಟು ಸವೆದು ಮೋಟಾದ ನನ್ನ ಬೆಕ್ಕಿನ ಬ್ರಶ್ಶಿಗೆ ಹೊಸ ಕೂದಲು ಕಟ್ಟುತ್ತಿದ್ದೆ. ಹುಂಜ ಮೆಟ್ಟಿಲು ಹತ್ತಿ ಬಂತು. ಗೊಂಬೆಯ ಎದುರು ನಿಂತು ಕತ್ತು ಓರೆ ಮಾಡಿ ಬಲಗಣ್ಣಿನಿಂದ ನೋಡಿತು. ಮತ್ತೆ ಕತ್ತು ತಿರುಗಿಸಿ ಎಡಗಣ್ಣಿನಿಂದ ನೋಡಿತು. ಆಮೇಲೆ ಕೊರಳಿನ ಗರಿಯನ್ನೆಲ್ಲ ನಿಮಿರಿಸಿ, ತನ್ನ ರಾಜ್ಯಕ್ಕೆ ಬಂದ ಇನ್ನೊಂದು ಹುಂಜವನ್ನು ಒದೆಯುವ ಹಾಗೆ ಹಾರಿ ಒದ್ದಿತು. ಗೊಂಬೆ ಅಂಗಳಕ್ಕೆ ಉರುಳಿತು.

ಓಡಿಹೋಗಿ ಎತ್ತಿಕೊಂಡೆ. ಆಗ ಹೊಳೆಯಿತು. ಕೋಳಿ ಎದುರಿಗಿದ್ದದ್ದನ್ನು ಎರಡೂ ಕಣ್ಣು ಸೇರಿಸಿ ದಿಟ್ಟಿಸುವುದಿಲ್ಲ. ಓರೆಯಾಗಿ ಒಂದರಿಂದ ನೋಡುತ್ತದೆ, ಮತ್ತೆ ಇನ್ನೊಂದರಿಂದ. ಹೊಂಚುವ ಬೆಕ್ಕು ಹಾಗಲ್ಲ. ಎರಡು ಕಣ್ಣನ್ನೂ ಒಂದೇ ಕಡೆ ನೆಡುತ್ತದೆ. ಎಷ್ಟು ಸಲ ಬಣ್ಣ ಬದಲಿಸಿದರೂ ನಾನು ಕಣ್ಣನ್ನು ಮಾತ್ರ ಮೊದಲ ದಿನ ಇಟ್ಟ ಹಾಗೆಯೇ ಇಡುತ್ತಿದ್ದೆ: ಆಚೆ ಒಂದು, ಈಚೆ ಒಂದು, ನಡುವೆ ದುಂಡಗಿನ ಚುಕ್ಕೆ. ಐತ್ತಪ್ಪಣ್ಣನಿಗೆ ಹೇಳಲು ಬಾರದೆ ಹೋದ ಕೋಳಿ ಅಲ್ಲಿ ಅಡಗಿ ಕುಳಿತಿತ್ತು.

ಬೆಕ್ಕನ್ನು ಹಿಡಿದು ತಂದು ಎದುರಿಗೆ ಕೂರಿಸಿಕೊಂಡೆ. ಈ ಸಲ ಬಾಲಕ್ಕಲ್ಲ, ಕಣ್ಣಿಗೆ. ಒಣಮೀನಿನ ತುಂಡಿನ ಮೇಲೆ ಅದರ ಕಣ್ಣು ನೆಟ್ಟಿರುವಾಗ ಹುಬ್ಬಿನ ನೆರಳು ಎಲ್ಲಿ ಬೀಳುತ್ತದೆ, ಪಾಪೆಯ ಕರಿಯ ಗೆರೆ ಎಷ್ಟು ಒಳಗೆ ಸೇರುತ್ತದೆ, ಬೆಳಕಿನ ಚುಕ್ಕೆ ಎಲ್ಲಿ ಕೂರುತ್ತದೆ ಎಂದು ನೋಡಿದೆ. ಗೊಂಬೆಯ ಹುಬ್ಬಿನಡಿ ಕಪ್ಪು ಇಳಿಬಿಟ್ಟೆ. ಅದರೊಳಗೆ ಸಾಸಿವೆಗಿಂತಲೂ ಚಿಕ್ಕದಾಗಿ ಹಳದಿ ಮುಟ್ಟಿಸಿದೆ. ಕರಿಯ ಗೆರೆಗಳೆರಡನ್ನೂ ಮೂತಿಯ ಕಡೆಗೆ ಎಳೆದೆ. ಕೊನೆಗೆ ಒಂದೇ ಕೂದಲಿನ ತುದಿಯಿಂದ ಬಿಳಿಯನ್ನು ಮುಟ್ಟಿಸಿದೆ. ಕೈ ನಡುಗದಂತೆ ಉಸಿರು ಕಟ್ಟಿದ್ದೆ. ಬಿಟ್ಟಾಗ ತಲೆ ಸುತ್ತಿತು.

ಮಾವ ಹೇಳಿದ ಹೊತ್ತಿಗೆ ಬಂದರು. ನನ್ನ ಪೆಟ್ಟಿಗೆ ಕಟ್ಟಿ ಆಯಿತಾ ಎಂದು ಕೇಳಿಕೊಂಡೇ ಒಳಗೆ ಬಂದರು. ಆ ದಿನ ಮಧ್ಯಾಹ್ನಕ್ಕೆ ಕೋಳಿ ಸಾರು. ನಮ್ಮ ಹುಂಜವೇ ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಗೊಂಬೆಯನ್ನು ಒದ್ದ ಕಾಲು ನನ್ನ ಬಟ್ಟಲಿಗೇ ಬಿತ್ತು. ನನಗೆ ಗುರುವನ್ನು ತಿನ್ನುವ ಧೈರ್ಯವಾಗದೆ ಮಾವನ ಬಟ್ಟಲಿಗೆ ದಾಟಿಸಿದೆ. ಗೊಂಬೆಯನ್ನು ಊಟದ ಚಾವಡಿಯ ಗೋಡೆಯ ಗೂಡಿನಲ್ಲಿ, ದೊಡ್ಡಮ್ಮ ಕೂರುವ ಮಣೆಗೆ ನೇರವಾಗಿ ಇಟ್ಟಿದ್ದೆ. ಮನೆಯ ರೂಢಿಯಂತೆ ಬಟ್ಟಲಿಗೆ ತಲೆ ತಗ್ಗಿಸಿ, ಓರೆಗಣ್ಣಿನಲ್ಲಿ ಆ ಮಣೆಯನ್ನೇ ಕಾಯುತ್ತ ಕುಳಿತೆ.

ಎಲ್ಲರಿಗೂ ಬಡಿಸಿ ಆದ ಮೇಲೆ ದೊಡ್ಡಮ್ಮ ಬೆಕ್ಕನ್ನು ಹೊರಗೆ ಓಡಿಸಿ ಬಂದು ಮಣೆಯಲ್ಲಿ ಕುಳಿತರು. ಅನ್ನ ಕಲಸಿದರು. ತುತ್ತು ಎತ್ತಿದವರು ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ. ಮತ್ತೆ ತುತ್ತು ಎತ್ತಿ ಮತ್ತೆ ಇಳಿಸಿದರು. ಮಣೆಯನ್ನು ಸ್ವಲ್ಪ ಎಡಕ್ಕೆ ಸರಿಸಿದರು. ಬಟ್ಟಲಿಗೆ ಸೆರಗು ಅಡ್ಡ ಹಿಡಿದರು. ಕೊನೆಗೆ ತಲೆಯೆತ್ತಿ ಗೋಡೆಯ ಗೂಡನ್ನು ನೋಡಿದರು.

"ಜನಾರ್ದನ, ಅದನ್ನು ಆಚೆ ತಿರುಗಿಸಿ ಇಡು. ಉಣ್ಣುವಾಗ ನೋಡ್ತಾ ಉಂಟು."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಾರು ಖಾರ ಎಂದುಕೊಳ್ಳಲಿ ಎಂದು ನೀರು ಕುಡಿದೆ.

ಮಾವ ಎಲುಬು ಚೀಪುತ್ತ ಅತ್ತ ನೋಡಿದರು. ದಾರಿಯಲ್ಲಿ ಅವರಿಗೆ ಐತ್ತಪ್ಪಣ್ಣ ಸಿಕ್ಕಿ ಎಲ್ಲ ಕತೆ ಹೇಳಿದ್ದರು. "ಎಂತದು ಅಕ್ಕ? ಇವ ಬೇಸಗೆ ಇಡೀ ಮಾಡಿದ ಕೋಳಿಯಾ?"

"ಕೋಳಿ ಹಾಗೆ ನೋಡ್ತದಾ? ಅದು ಕೋಳಿ ಅಲ್ಲ" ಎಂದರು ದೊಡ್ಡಮ್ಮ. ದನಿ ಸ್ವಲ್ಪ ಗಡುಸಾಗಿಯೇ ಇತ್ತು. "ನೀನು ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡು."

ನಾನು ಎದ್ದು, ಎಂಜಲು ಕೈಯನ್ನು ಬೆನ್ನ ಹಿಂದೆ ಕಟ್ಟಿ, ಎಡಗೈಯಿಂದ ಗೊಂಬೆಯ ಮುಖವನ್ನು ಗೋಡೆಗೆ ತಿರುಗಿಸಿದೆ. ದೊಡ್ಡಮ್ಮ ಸೆರಗು ಸರಿಸಿ, ನೆಮ್ಮದಿಯಿಂದ ತುತ್ತು ಬಾಯಿಗಿಟ್ಟುಕೊಂಡರು. ಅದನ್ನು ನುಂಗಿದ ಮೇಲೆ ಹೇಳಿದರು:

"ಮಂಗಳೂರಿಗೆ ಹೋಗುವಾಗ ಅದನ್ನೂ ತೆಗೊಂಡು ಹೋಗು ಮಾರಾಯ. ನನಗೆ ಇಲ್ಲಿ ದಿನಾ ಉಣ್ಲಿಕ್ಕುಂಟು."